ಕೆಲಸ ಹೊರಗೆ ಕೊಟ್ಟ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ?

(ಮಂಡ್ಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಣ್ಣ ಉದ್ದಿಮೆ ನಡೆಸುವವರ ಮುಂದೆ ಆಡಿದ ಮಾತುಗಳನ್ನು ಆಮೇಲೆ ಕೂತು ಬರೆದದ್ದು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಮಳವಳ್ಳಿ ಕಡೆಯವರು ಎಷ್ಟು ಜನ ಇದ್ದೀರಿ? ಸ್ವಲ್ಪ ಕೈ ಎತ್ತಿ. ಸರಿ, ಹತ್ತು ಹದಿನೈದು ಕೈ ಕಾಣುತ್ತಿವೆ. ಹಾಗಾದರೆ ಬ್ಲಫ್ ಅಂದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶಿವನಸಮುದ್ರದ ವಿದ್ಯುತ್ ಮನೆ ಇರುವ ಜಾಗ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಸುಮಾರು 147 ಕಿಲೋಮೀಟರ್ ಉದ್ದದ ತಂತಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ.

ಈ ಕಥೆ ನಮ್ಮ ಜಿಲ್ಲೆಯ ಹೆಮ್ಮೆ. ನಾನು ಇವತ್ತು ಅದರ ಲೆಕ್ಕಪತ್ರದ ಕಡೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಗಣಿಗಳ ಆಡಳಿತ ಜಾನ್ ಟೇಲರ್ ಅಂಡ್ ಸನ್ಸ್ ಅನ್ನುವ ಬ್ರಿಟಿಷ್ ಸಂಸ್ಥೆಯ ಕೈಯಲ್ಲಿತ್ತು. ಅವರ ಕಸುಬು ಚಿನ್ನ ತೆಗೆಯುವುದು. ಆದರೆ ಯಂತ್ರ ತಿರುಗಬೇಕಾದರೆ ಉಗಿ ಎಂಜಿನ್ ಇಟ್ಟುಕೊಳ್ಳಬೇಕಿತ್ತು, ಅದಕ್ಕೆ ಉರುವಲು ತರಿಸಬೇಕಿತ್ತು, ಬಾಯ್ಲರ್ ನೋಡಿಕೊಳ್ಳುವ ಜನ ಬೇಕಿತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನ ಆ ಶಕ್ತಿಯನ್ನು ತಾನು ಮಾರುತ್ತೇನೆ ಅಂತ ಮುಂದೆ ಬಂತು. ಗಣಿಯವರು ಒಪ್ಪಂದ ಮಾಡಿಕೊಂಡರು. ತಮ್ಮ ಅಂಗಳದಲ್ಲಿದ್ದ ಒಂದು ದೊಡ್ಡ ಕೆಲಸವನ್ನು ಹೊರಗಿನವರಿಗೆ ವಹಿಸಿದರು. ಇವತ್ತು ನಾವು ಔಟ್‌ಸೋರ್ಸಿಂಗ್ ಅನ್ನುತ್ತೇವಲ್ಲ, ಅದು ಇದೇ.

ಬೇಸಿಗೆಯಲ್ಲಿ ಕಾವೇರಿ ಇಳಿಯುತ್ತಾಳೆ. ನೀರು ಇಳಿದರೆ ಕರೆಂಟೂ ಇಳಿಯುತ್ತದೆ. ಆದರೆ ಕೋಲಾರಕ್ಕೆ ಮಾತು ಕೊಟ್ಟಾಗಿದೆ. ಕನ್ನಂಬಾಡಿ ಕಟ್ಟೆ ಕಟ್ಟಲು ನೀರಾವರಿಯ ಜೊತೆಗೆ ಇದೂ ಒಂದು ದೊಡ್ಡ ಕಾರಣವಾಗಿತ್ತು. ವರ್ಷವಿಡೀ ತಪ್ಪದೆ ಕರೆಂಟು ಕೊಡಬೇಕು ಅನ್ನುವ ಹಂಗು. ನಮ್ಮ ಐಟಿ ಕಂಪನಿಗಳಲ್ಲಿ ಎಸ್‌ಎಲ್‌ಎ ಅನ್ನುತ್ತಾರೆ: ಇಷ್ಟು ಸೇವೆ, ಇಷ್ಟು ಹೊತ್ತಿನೊಳಗೆ, ತಪ್ಪಿದರೆ ದಂಡ. ಆ ಎಸ್‌ಎಲ್‌ಎ ಉಳಿಸಿಕೊಳ್ಳುವ ಒತ್ತಡದಲ್ಲಿ ಎದ್ದ ಕಟ್ಟೆಯ ನೀರಿನಲ್ಲೇ ನಮ್ಮಪ್ಪ ಕಬ್ಬು ಬೆಳೆದರು, ನನ್ನನ್ನು ಓದಿಸಿದರು. ನಾನು ಪಾಂಡವಪುರದ ಕಡೆಯವನು.

ಇನ್ನೊಂದು ಮಾತು. ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಅದೇ ಜಿಇ ಕಂಪನಿ 1990ರ ದಶಕದಲ್ಲಿ ಭಾರತದ ಸಾಫ್ಟ್‌ವೇರ್ ಕಂಪನಿಗಳ ಬಹಳ ದೊಡ್ಡ ಗಿರಾಕಿ ಆಯಿತು. ಅದರ ಮುಖ್ಯಸ್ಥ ಜಾಕ್ ವೆಲ್ಚ್ ಅವರ 70-70-70 ಸೂತ್ರ ಆಗ ನಮ್ಮ ವಲಯದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಕೆಲಸದಲ್ಲಿ 70 ಭಾಗ ಹೊರಗೆ ಕೊಡಿ, ಅದರಲ್ಲಿ 70 ಭಾಗ ಬೇರೆ ದೇಶದಲ್ಲಿ ಮಾಡಿಸಿ, ಅದರಲ್ಲಿ 70 ಭಾಗ ಭಾರತಕ್ಕೆ ಹೋಗಲಿ ಅಂತ. ಲೆಕ್ಕ ಹಾಕಿ. ಒಟ್ಟು ಕೆಲಸದಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಭಾರತಕ್ಕೆ ಬರುತ್ತದೆ. ನಾನು ಕೆಲಸಕ್ಕೆ ಸೇರಿದ್ದು ಆ ಅಲೆಯ ಹಿಂದೆಯೇ.

ಇದಕ್ಕೂ ಮುಂಚಿನ ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಂಪ್ಯೂಟರ್ ಕೆಲಸವನ್ನೇ ಗುತ್ತಿಗೆಗೆ ಹಿಡಿದು ಮಾಡುವ ಇಡಿಎಸ್ ಕಂಪನಿಯನ್ನು ರಾಸ್ ಪೆರೋ ಶುರು ಮಾಡಿದ್ದು 1962ರಲ್ಲಿ. 1989ರಲ್ಲಿ ಕೊಡಕ್ ತನ್ನ ಡೇಟಾ ಸೆಂಟರ್‌ಗಳನ್ನು ಐಬಿಎಂಗೆ ವಹಿಸಿತು. ಅಷ್ಟು ದೊಡ್ಡ, ಹೆಸರುವಾಸಿ ಕಂಪನಿಯೇ ಕೊಟ್ಟಿತಲ್ಲ, ನಾವೂ ಕೊಡಬಹುದು ಅಂತ ಉಳಿದವರಿಗೆ ಧೈರ್ಯ ಬಂತು. ನಮ್ಮ ಕಡೆ, ಐಬಿಎಂ 1978ರಲ್ಲಿ ದೇಶ ಬಿಟ್ಟು ಹೋಗಿತ್ತು. 1981ರಲ್ಲಿ ಇನ್ಫೋಸಿಸ್ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣಮೂರ್ತಿ ಓದಿದ್ದು ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಆಮೇಲೆ 2000ನೇ ಇಸವಿಯ ಗಾಬರಿ. ಹಳೇ ಪ್ರೋಗ್ರಾಂಗಳಲ್ಲಿ ಜಾಗ ಉಳಿಸಲು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 99 ಆದ ಮೇಲೆ 00 ಬಂದರೆ ಕಂಪ್ಯೂಟರ್ ಅದನ್ನು 1900 ಅಂದುಕೊಂಡೀತು. ಲಕ್ಷಾಂತರ ಸಾಲುಗಳನ್ನು ಒಂದೊಂದಾಗಿ ಓದಿ ಸರಿಪಡಿಸುವ ಆ ಕೆಲಸ ರಾಶಿ ರಾಶಿ ನಮ್ಮ ದೇಶಕ್ಕೆ ಬಂತು. ಆ ನೆಪದಲ್ಲಿ ನಮ್ಮವರಿಗೆ ಅಲ್ಲಿನ ಬ್ಯಾಂಕು, ವಿಮೆ ಕಂಪನಿಗಳ ಒಳಮನೆಯ ಪರಿಚಯ ಆಯಿತು. ನಿಜವಾದ ಲಾಭ ಅದೇ ಅಂತ ನನ್ನ ಭಾವನೆ.

ಈಗ ದುಡ್ಡಿನ ವಿಷಯ. ಒಂದು ಕಂಪನಿ ತಂತ್ರಜ್ಞಾನಕ್ಕೆ ಖರ್ಚು ಮಾಡುತ್ತದೆ ಅಂದ ತಕ್ಷಣ ಹೊಸ ಹೊಸದನ್ನು ಕೊಳ್ಳುತ್ತಾರೆ ಅಂದುಕೊಳ್ಳುತ್ತೀರಿ, ಅಲ್ವಾ? ಮನೆಯ ಖರ್ಚು ನೋಡಿ. ಪಂಪ್‌ಸೆಟ್ ಮೋಟಾರ್ ಸುಟ್ಟು ಹೋದರೆ ಕಾಯಿಲ್ ಸುತ್ತಿಸಬೇಕು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು. ಹೊಸ ಮನೆ ಕಟ್ಟುವುದು ಯಾವಾಗಲೋ ಒಮ್ಮೆ. ಕಂಪನಿಯ ಐಟಿ ಬಜೆಟ್ಟೂ ಹಾಗೇ. ಅದರ ದೊಡ್ಡ ಪಾಲು ಇರುವುದನ್ನು ನಡೆಸಿಕೊಂಡು ಹೋಗಲಿಕ್ಕೇ ಹೋಗುತ್ತದೆ. ಸರ್ವರ್, ಲೈಸೆನ್ಸ್, ರಾತ್ರಿ ಓಡುವ ಬ್ಯಾಚ್ ಜಾಬ್‌ಗಳು, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವ ಹೆಲ್ಪ್‌ಡೆಸ್ಕ್. ಇದು ಒಂದು ದಿನ ನಿಂತರೂ ಗದ್ದಲ ಆಗುತ್ತದೆ, ಚೆನ್ನಾಗಿ ನಡೆದರೆ ಯಾರೂ ಭೇಷ್ ಅನ್ನುವುದಿಲ್ಲ. ಹಣಕಾಸು ವಿಭಾಗದವರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಇದನ್ನು ಕಮ್ಮಿ ಖರ್ಚಿನಲ್ಲಿ ಮಾಡುವವರು ಯಾರಾದರೂ ಇದ್ದಾರಾ ಅಂತ ಕೇಳುತ್ತಾರೆ. ಮೈಸೂರಿನ ಹೆಬ್ಬಾಳದಲ್ಲಿ, ಹೂಟಗಳ್ಳಿಯಲ್ಲಿ ಕೂತ ಹುಡುಗರಿಗೆ ಕೆಲಸ ಬರುವುದು ಆ ಪ್ರಶ್ನೆಯಿಂದ.

ಹಾಗಾಗಿ ಗಿರಾಕಿಯ ಬಜೆಟ್ ಕ್ಯಾಲೆಂಡರು ನಿಮ್ಮ ಬದುಕಿನ ಕ್ಯಾಲೆಂಡರೂ ಆಗುತ್ತದೆ. ಅಮೆರಿಕದ ಬಹಳಷ್ಟು ಕಂಪನಿಗಳಿಗೆ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರ್. ವರ್ಷದ ಕೊನೆಗೆ ದುಡ್ಡು ಮುಗಿದಿರುತ್ತದೆ, ಅವರ ಜನ ರಜೆ ಮೇಲೆ ಹೋಗಿರುತ್ತಾರೆ. ಕೆಲವು ಪ್ರಾಜೆಕ್ಟ್‌ಗಳಲ್ಲಿ ಆ ಎರಡು ವಾರ ಬಿಲ್ಲಿಂಗ್ ಬೇಡ ಅಂತಾರೆ. ಇದಕ್ಕೆ ಫರ್ಲೋ ಅಂತ ಹೆಸರು. ನಮ್ಮ ಐಟಿ ಕಂಪನಿಗಳ ಅಕ್ಟೋಬರ್-ಡಿಸೆಂಬರ್ ತ್ರೈಮಾಸಿಕ ಸಾಮಾನ್ಯವಾಗಿ ಮಂಕಾಗಿರುವುದಕ್ಕೆ ಇದೊಂದು ಕಾರಣ. ಜನವರಿಯಲ್ಲಿ ಹೊಸ ಬಜೆಟ್ ಪಾಸಾಗುವುದು ತಡವಾದರೆ ಇಲ್ಲಿ ಹುಡುಗರು ಬೆಂಚಿನ ಮೇಲೆ ಕೂರುತ್ತಾರೆ, ಅಂದರೆ ಕಂಪನಿಯಲ್ಲೇ ಇದ್ದು ಪ್ರಾಜೆಕ್ಟ್ ಇಲ್ಲದೆ ಕಾಯುತ್ತಾರೆ. ನನ್ನ ಮೊದಲ ಬೆಂಚು ನಾಲ್ಕು ತಿಂಗಳು. ನನ್ನಲ್ಲಿ ಏನೋ ಕೊರತೆ ಇದೆ ಅಂತ ಕೊರಗುತ್ತಿದ್ದೆ. ದೂರದ ಊರಿನಲ್ಲಿ ಒಂದು ಬಜೆಟ್ ಕಾಗದಕ್ಕೆ ಸಹಿ ಬಿದ್ದಿರಲಿಲ್ಲ, ಅಷ್ಟೇ. ಅದನ್ನು ಆಗ ನನಗೆ ಯಾರಾದರೂ ಹೇಳಿದ್ದರೆ ಎಷ್ಟೋ ನಿದ್ದೆ ಉಳಿಯುತ್ತಿತ್ತು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಗುತ್ತಿಗೆ ಹೇಗೆ ಕೊಡುತ್ತಾರೆ ಅನ್ನುವುದು ಇನ್ನೂ ಮುಖ್ಯ. ಇದನ್ನು ಕಬ್ಬಿನ ಗದ್ದೆಯಲ್ಲೇ ನೋಡೋಣ. ಕಟಾವಿಗೆ ಆಳುಗಳನ್ನು ದಿನಗೂಲಿಗೆ ಕರೆದರೆ ಏನಾಗುತ್ತದೆ? ಎರಡು ದಿನದ ಕೆಲಸ ಮೂರು ದಿನ ಆಗಬಹುದು. ಐಟಿಯಲ್ಲಿ ಟೈಮ್ ಅಂಡ್ ಮೆಟೀರಿಯಲ್ ಅನ್ನುವುದು ಈ ಥರದ್ದು. ಗಂಟೆಗೆ ಇಷ್ಟು ಡಾಲರ್. ಬೇಗ ಮುಗಿಸಿದವನಿಗೆ ಆದಾಯ ಕಮ್ಮಿ. ಅದು ಬೇಡ ಅಂತ ಮೇಸ್ತ್ರಿಗೆ ಟನ್ ಲೆಕ್ಕದಲ್ಲಿ ಗುತ್ತಿಗೆ ಕೊಡುತ್ತೀರಿ. ಗ್ಯಾಂಗ್ ಬರುತ್ತದೆ, ಸರಸರ ಕಡಿಯುತ್ತದೆ. ಅವಸರದಲ್ಲಿ ಬಗ್ಗಿ ನೆಲಮಟ್ಟಕ್ಕೆ ಕಡಿಯದೆ ಗೇಣುದ್ದ ಬುಡ ಬಿಟ್ಟು ಹೋಗುತ್ತಾರೆ. ಸಕ್ಕರೆ ಜಾಸ್ತಿ ಇರುವುದೇ ಬುಡದಲ್ಲಿ. ಆ ವರ್ಷದ ನಷ್ಟ ಹಾಗಿರಲಿ, ಮುಂದಿನ ಕೂಳೆ ಬೆಳೆಯೂ ಕೆಡುತ್ತದೆ. ಮೇಸ್ತ್ರಿ ಅಷ್ಟರಲ್ಲಿ ಬೇರೆ ಊರಿನಲ್ಲಿರುತ್ತಾನೆ. ಫಿಕ್ಸೆಡ್ ಪ್ರೈಸ್ ಪ್ರಾಜೆಕ್ಟ್ ಅಂದರೆ ಇದೇ. ಹೇಳಿದ ದಿನಕ್ಕೆ ಮುಗಿಯುತ್ತದೆ, ಪರದೆಯ ಮೇಲೆ ಎಲ್ಲ ಸರಿ ಕಾಣುತ್ತದೆ. ಒಳಗೆ ಕೋಡು ಹೇಗಿದೆ ಅನ್ನುವುದು ಮುಂದಿನ ವರ್ಷ ಅದನ್ನು ಬದಲಿಸಲು ಹೋದಾಗ ಗೊತ್ತಾಗುತ್ತದೆ.

ನಮ್ಮಪ್ಪ ಕಟಾವಿನ ದಿನ ಗದ್ದೆ ಬಿಟ್ಟು ಕದಲುತ್ತಿರಲಿಲ್ಲ. ಕುಡುಗೋಲು ಹಿಡಿಯುತ್ತಿರಲಿಲ್ಲ. ಬದುವಿನ ಮೇಲೆ ಸುಮ್ನೆ ಓಡಾಡಿಕೊಂಡು, ಕಡಿದ ಬುಡ ನೋಡುತ್ತಿದ್ದರು. ಕೆಲಸ ಗೊತ್ತಿರುವವನು ನೋಡುತ್ತಿದ್ದಾನೆ ಅಂದರೆ ಕಡಿಯುವವನ ಕೈ ತಾನೇ ಕೆಳಗೆ ಇಳಿಯುತ್ತದೆ.

ಕಂಪನಿಗಳು ಎಡವುವುದು ಇಲ್ಲೇ. ಕೆಲಸದ ಜೊತೆಗೆ ಕೆಲಸ ಗೊತ್ತಿರುವ ಮನುಷ್ಯನನ್ನೂ ಕಳಿಸಿಬಿಡುತ್ತವೆ. ಇದು ನನ್ನ ತಲೆಗೆ ಇಳಿದದ್ದು ಒಂದು ಏಪ್ರಿಲ್ 1ನೇ ತಾರೀಕು. ಆಗ ನಾನು ಸಾಫ್ಟ್‌ವೇರ್ ಕಂಪನಿ ಬಿಟ್ಟು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಐಟಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ಕೆಲಸ ಹಿಡಿಯುವ ಕಡೆ ಇದ್ದವನು ಕೆಲಸ ಕೊಡುವ ಕಡೆಗೆ ಬಂದಿದ್ದೆ. ವಿಭಾಗ ಅಂದರೆ ನಾನು ಮತ್ತು ಇಬ್ಬರು. ಉಳಿದದ್ದೆಲ್ಲ ಗುತ್ತಿಗೆ. ಹಿಂದಿನ ವರ್ಷ ಬಜೆಟ್ ಕಡಿಮೆ ಮಾಡಿ ಅಂತ ಮೇಲಿನಿಂದ ಬಂದಾಗ, ಹಳೇ ಗುತ್ತಿಗೆದಾರರನ್ನು ಬಿಟ್ಟು ಅಗ್ಗಕ್ಕೆ ಬಂದ ಇನ್ನೊಬ್ಬರಿಗೆ ಕೊಟ್ಟಿದ್ದೆವು. ಕಾಗದಕ್ಕೆ ಸಹಿ ಹಾಕಿದವನು ನಾನೇ.

ಬೆಳಿಗ್ಗೆ ಆರೂವರೆಗೆ ಡಿಸ್ಪ್ಯಾಚ್‌ನಿಂದ ಫೋನು. ಇನ್‌ವಾಯ್ಸ್ ಬರುತ್ತಿಲ್ಲ. ಹೋಗಿ ನೋಡಿದರೆ ಗುಂಡಿ ಒತ್ತಿದಾಗ ಒಂದು ಚಕ್ರ ತಿರುಗುತ್ತದೆ, ನಿಲ್ಲುತ್ತದೆ, ಅಷ್ಟೇ. ಇನ್‌ವಾಯ್ಸ್ ಇಲ್ಲದೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಸರ್ಕಾರಿ ಪೋರ್ಟಲ್‌ನಲ್ಲಿ ಮಾಡುವ ಚೀಟಿ, ಇಲ್ಲ. ಇ-ವೇ ಬಿಲ್ ಇಲ್ಲದೆ ಲಾರಿ ಗೇಟು ದಾಟುವ ಹಾಗಿಲ್ಲ. ಹೊಸ ಗುತ್ತಿಗೆದಾರರ ಹುಡುಗ ಬೆಂಗಳೂರಿನಿಂದ ಲಾಗಿನ್ ಆಗಿ ನೋಡಿದ. ಪಾಪ, ಅವನಿಗೆ ಒಳಗಿನ ದಾರಿಯೇ ಗೊತ್ತಿರಲಿಲ್ಲ. ಹಸ್ತಾಂತರದ ಹೊತ್ತಿನಲ್ಲಿ ಅವನಿಗೆ ಕೊಟ್ಟಿದ್ದು ಐವತ್ತು ಪುಟದ ಒಂದು ದಾಖಲೆ, ಅದರಲ್ಲಿ ಅರ್ಧ ಪರದೆಯ ಚಿತ್ರಗಳು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಹೊರಗೆ ಹದಿನೇಳು ಲಾರಿ. ಚಾಲಕರು ಲಾರಿಯ ನೆರಳಿನಲ್ಲಿ ಸ್ಟವ್ ಹಚ್ಚಿ ಅನ್ನಕ್ಕೆ ಇಟ್ಟಿದ್ದರು.

ಆಗ ನಮ್ಮ ಸ್ಟೋರ್ಸ್‌ನ ಹಿರಿಯ ಗುಮಾಸ್ತರು ಬಂದರು. ನಿವೃತ್ತಿಗೆ ಒಂದು ವರ್ಷ ಇತ್ತು. "ಸಾರ್, ಬೀರುವಿನಲ್ಲಿ ಹಳೇ ಬಿಲ್ ಬುಕ್ ಇದೆ. ಕೈಯಲ್ಲಿ ಬರೆದು, ಪೋರ್ಟಲ್‌ನಲ್ಲಿ ಇ-ವೇ ಬಿಲ್ ಒಂದೊಂದೇ ಹಾಕೋಣ. ಅರ್ಜೆಂಟ್ ಇರೋದು ಯಾವುದು ಹೇಳಿ" ಅಂದರು. ಯಾವ ಮಾಲಿಗೆ ಯಾವ ತೆರಿಗೆ ಸಂಕೇತ, ಯಾವ ಗಿರಾಕಿಯ ನೋಂದಣಿ ಸಂಖ್ಯೆ ಯಾವ ರಾಜ್ಯದ್ದು, ಎಲ್ಲವೂ ಅವರ ಬಾಯಲ್ಲೇ ಇತ್ತು. ಸಂಜೆಯೊಳಗೆ ಐದು ಲಾರಿ ಹೋದವು. ನಾನು ಪಕ್ಕದಲ್ಲಿ ಕೂತು ಕಾರ್ಬನ್ ಹಾಳೆ ಇಡುತ್ತಿದ್ದೆ.

ಹಳೇ ಗುತ್ತಿಗೆದಾರರ ಬಳಿ ನಮ್ಮ ಕೆಲಸ ಮಾಡುತ್ತಿದ್ದ ಹುಡುಗ ಆ ಕಂಪನಿ ಬಿಟ್ಟು ಪುಣೆ ಸೇರಿದ್ದ. ರಾತ್ರಿ ಹತ್ತಕ್ಕೆ ಸಿಕ್ಕಿದ. ಅವನಿಗೆ ನಮ್ಮ ಹಂಗೇನೂ ಇರಲಿಲ್ಲ. ಆದರೂ ಒಂದು ಗಂಟೆ ಫೋನಿನಲ್ಲಿ ಇದ್ದ. ಹೊಸ ಹಣಕಾಸು ವರ್ಷಕ್ಕೆ ಇನ್‌ವಾಯ್ಸ್ ಸಂಖ್ಯೆ ಹೊಸದಾಗಿ ಶುರುವಾಗಬೇಕು. ಅದಕ್ಕೆ ವರ್ಷವನ್ನು ಒಂದು ಫೈಲಿನಲ್ಲಿ ಕೈಯಲ್ಲಿ ಬದಲಿಸಬೇಕಿತ್ತು. ಪ್ರತಿ ಮಾರ್ಚ್ 31ರ ರಾತ್ರಿ ಅವನು ಅದನ್ನು ನೆನಪಿಟ್ಟುಕೊಂಡು ಮಾಡುತ್ತಿದ್ದ. ಮೂರು ವರ್ಷ ಮಾಡಿದ್ದ. ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಫೈಲಿನ ಹೆಸರು ಹೇಳಿದ. ನಾಲ್ಕು ಅಂಕಿ ಬದಲಿಸಿದೆವು. ಮೊದಲ ಇನ್‌ವಾಯ್ಸ್ ಅಚ್ಚಾಗಿ ಬಂದಾಗ ರಾತ್ರಿ ಹನ್ನೊಂದೂ ಕಾಲು.

ಆ ಹುಡುಗನಿಗೆ ನಾವು ಗಂಟೆಗೆ ಇಷ್ಟು ಅಂತ ಕೊಟ್ಟಿದ್ದೆವು. ಅವನ ತಲೆಯಲ್ಲಿದ್ದ ಆ ಒಂದು ಸಾಲಿಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಗುತ್ತಿಗೆ ಬದಲಿಸಿ ಉಳಿಸಿದ್ದೇವೆ ಅಂತ ನಾನು ತೋರಿಸಿದ್ದ ಮೊತ್ತ ಇತ್ತಲ್ಲ, ಆ ಉಳಿತಾಯದಲ್ಲಿ ಇದನ್ನು ಕಳೆದಿರಲಿಲ್ಲ. ತಪ್ಪು ನನ್ನದು. ಮರುದಿನ ಒಂದು ಉದ್ದ ನೋಟ್‌ಬುಕ್ ತಂದು, ನಮ್ಮ ಕಾರ್ಖಾನೆಯಲ್ಲಿ ಯಾವ ಕೆಲಸ ಯಾವ ದಿನ ಯಾರ ಕೈಯಲ್ಲಿ ಹೇಗೆ ಆಗುತ್ತದೆ ಅಂತ ಬರೆಯಲು ಕೂತೆ. ಗುಮಾಸ್ತರು ಹೇಳುತ್ತಾ ಹೋದರು. ಮೂರು ವಾರ ಹಿಡಿಯಿತು.

ನಮ್ಮದು ಸಣ್ಣ ಊರಿನ ಸಣ್ಣ ಕಥೆ ಅನ್ನಬೇಡಿ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಸುಮಾರು 50 ಲಕ್ಷ ಗ್ರಾಹಕರ ಖಾತೆಗಳನ್ನು ಹಳೇ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸಿತು. ಆ ಕೆಲಸವನ್ನು ತನ್ನ ಮಾತೃ ಸಂಸ್ಥೆಯ ಐಟಿ ಕಂಪನಿಗೆ ವಹಿಸಿತ್ತು. ಸುಮಾರು 19 ಲಕ್ಷ ಜನ ತಮ್ಮ ಖಾತೆ ತೆರೆಯಲಾಗದೆ ಪರದಾಡಿದರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು ದಂಡ ಹಾಕಿದರು. 4 ಕೋಟಿ 86 ಲಕ್ಷ ಪೌಂಡ್‌ಗೂ ಹೆಚ್ಚು. ದಂಡ ಬಿದ್ದದ್ದು ಬ್ಯಾಂಕಿಗೆ. ಹೊರಗೆ ಕೊಟ್ಟ ಕೆಲಸವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನುವುದು ಅದಕ್ಕೆ ಒಂದು ಕಾರಣ. ನಮ್ಮ ರಿಸರ್ವ್ ಬ್ಯಾಂಕೂ 2023ರಲ್ಲಿ ಐಟಿ ಸೇವೆಗಳ ಹೊರಗುತ್ತಿಗೆ ಬಗ್ಗೆ ನಿರ್ದೇಶನ ಹೊರಡಿಸಿದೆ. ಕೆಲಸ ಯಾರಿಗೇ ಕೊಡಿ, ಗ್ರಾಹಕನ ಮುಂದೆ ಹೊಣೆ ನಿಮ್ಮದೇ ಅನ್ನುವುದು ಅದರ ತಿರುಳು. ನಿಮ್ಮಲ್ಲಿ ಯಾರಾದರೂ ಸಹಕಾರಿ ಬ್ಯಾಂಕಿನ ನಿರ್ದೇಶಕರಿದ್ದರೆ ದಯವಿಟ್ಟು ಅದನ್ನು ತರಿಸಿ ಓದಿ.

ಇನ್ನು ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಹಲವರು ಮುಂದಿನ ವರ್ಷ ಕ್ಯಾಂಪಸ್ ಆಯ್ಕೆಗೆ ಕೂರುತ್ತೀರಿ. ಮನೆಯಲ್ಲಿ ಅಪ್ಪ ಅಮ್ಮ ಕಾಯುತ್ತಿದ್ದಾರೆ, ನನಗೆ ಗೊತ್ತು. ಹೊಸಬರ ಸಂಬಳ ಬಹಳ ವರ್ಷದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ, ಬಾಡಿಗೆ ಮತ್ತು ಊಟದ ಖರ್ಚು ನಿಂತಿಲ್ಲ. ಇದು ನನಗೆ ನೋವಿನ ವಿಷಯ. ಗಂಟೆ ಲೆಕ್ಕದಲ್ಲಿ ಮಾರುವ ಕೆಲಸಕ್ಕೆ ಬೆಲೆ ಏರುವುದು ಕಷ್ಟ. ಪಕ್ಕದಲ್ಲಿ ಇನ್ನೊಬ್ಬ ಅದೇ ಗಂಟೆಯನ್ನು ಕಮ್ಮಿಗೆ ಕೊಡುತ್ತಾನೆ. ಈಗ ಎಐ ಬಂದು ಟೆಸ್ಟ್ ಕೇಸ್ ಬರೆಯುವುದು, ಟಿಕೆಟ್‌ಗೆ, ಅಂದರೆ ಬಳಸುವವರ ದೂರಿಗೆ, ಉತ್ತರ ಕೊಡುವಂಥ ಕೆಲಸಗಳನ್ನು ಸೆಕೆಂಡಿನಲ್ಲಿ ಮಾಡಿ ತೋರಿಸುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಆನ್‌ಸೈಟ್, ಅಂದರೆ ಗಿರಾಕಿಯ ದೇಶಕ್ಕೇ, ಹೋಗಿ ನಾಲ್ಕು ಕಾಸು ಕೂಡಿಸುವ ದಾರಿಯೂ ಕಿರಿದಾಯಿತು.

ಇನ್ನೊಂದು ಕಡೆ, ವಿದೇಶಿ ಕಂಪನಿಗಳು ಗುತ್ತಿಗೆ ಕೊಡುವ ಬದಲು ಇಲ್ಲೇ ತಮ್ಮ ಸ್ವಂತ ಕಚೇರಿ ತೆರೆಯುತ್ತಿವೆ. ಜಿಸಿಸಿ ಅನ್ನುತ್ತಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಇದಕ್ಕಾಗಿಯೇ ಒಂದು ನೀತಿ ತಂದಿತು. ಬೆಂಗಳೂರಿನ ಹೊರಗೆ, ಮೈಸೂರಿನಂಥ ಊರುಗಳಿಗೂ ಅವನ್ನು ತರಬೇಕು ಅನ್ನುವುದು ಅದರ ಉದ್ದೇಶ. ಕಂಪನಿಗಳು ಹೀಗೇಕೆ ಮಾಡುತ್ತಿವೆ ಯೋಚಿಸಿ. ನನಗೆ ಏಪ್ರಿಲ್ 1ರಂದು ಗೊತ್ತಾದದ್ದು ಅವರಿಗೂ ಗೊತ್ತಾಗಿದೆ. ತಿಳಿವಳಿಕೆ ತಮ್ಮ ಮನೆಯಲ್ಲೇ ಇರಬೇಕು ಅಂತ ಅವರಿಗೆ ಅನ್ನಿಸಿದೆ.

ಹಾಗಾಗಿ ಕೆಲಸ ಸಿಕ್ಕ ಮೇಲೆ ಬರೀ ಜಾವಾ ಗೊತ್ತು, ಪೈಥಾನ್ ಗೊತ್ತು ಅಂತ ಇರಬೇಡಿ. ನೀವು ಮುಟ್ಟುವ ಪ್ರೋಗ್ರಾಂ ಯಾರ ಯಾವ ಕೆಲಸವನ್ನು ನಡೆಸುತ್ತಿದೆ ಅಂತ ಕೇಳಿ. ಅದು ವಿಮೆಯ ಕ್ಲೇಮಾ, ಔಷಧಿಯ ಬ್ಯಾಚ್ ಸಂಖ್ಯೆಯಾ, ಹಡಗಿನ ಸರಕಾ? ಅದು ನಿಂತರೆ ಯಾರ ಲಾರಿ ಗೇಟಿನಲ್ಲಿ ನಿಲ್ಲುತ್ತದೆ? ನಮ್ಮ ಗುಮಾಸ್ತರಿಗೆ ಕೋಡು ಬರೆಯಲು ಬರುತ್ತಿರಲಿಲ್ಲ. ಅವತ್ತು ಕಾರ್ಖಾನೆಯಲ್ಲಿ ಅವರಷ್ಟು ಬೇಕಾದ ಮನುಷ್ಯ ಇನ್ನೊಬ್ಬ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದೆ. ಒಬ್ಬ ವಿದ್ಯಾರ್ಥಿನಿ ಎದ್ದು, ಬೆಂಚಿನಲ್ಲಿದ್ದಾಗ ಸಂಬಳ ಬರುತ್ತದಾ ಅಂತ ಕೇಳಿದಳು. ಬರುತ್ತದಮ್ಮ, ಆದರೆ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಸೇರುವಾಗಲೇ ಹಿರಿಯರನ್ನು ಕೇಳಿ ತಿಳಿದುಕೋ ಅಂದೆ.

ಆಮೇಲೆ ಹಿಂದಿನ ಸಾಲಿನಿಂದ ಅಕ್ಕಿ ಗಿರಣಿ ನಡೆಸುವ ಒಬ್ಬರು ಎದ್ದರು. "ನಮ್ದು ಬಿಲ್ಲಿಂಗು, ವೆಬ್‌ಸೈಟು ಎಲ್ಲಾ ಒಬ್ಬ ಹುಡುಗನಿಗೆ ಕೊಟ್ಬುಟ್ಟಿದ್ದೀನಿ ಸಾರ್. ವಾಪಸ್ ತಗೋಬೇಕಾ ಹಂಗಾರೆ?" ಅಂತ ಕೇಳಿದರು.

ಬೇಡ ಅಣ್ಣ, ಅಂದೆ. ನೀವು ಅಕ್ಕಿ ಮಾಡಿ, ಅವನು ಅವನ ಕೆಲಸ ಮಾಡಲಿ. ಆದರೆ ವೆಬ್‌ಸೈಟಿನ ಹೆಸರು ನೋಂದಣಿ ಆಗಿರುವುದು ನಿಮ್ಮ ಇಮೇಲ್‌ಗಾ ಅವನದಕ್ಕಾ ನೋಡಿ. ಅವನದಾಗಿದ್ದರೆ ಈ ವಾರವೇ ನಿಮಗೆ ಮಾಡಿಸಿಕೊಳ್ಳಿ. ಅಡ್ಮಿನ್ ಪಾಸ್‌ವರ್ಡ್ ಒಂದು ಕಾಗದದಲ್ಲಿ ಬರೆಸಿ ತಿಜೋರಿಯಲ್ಲಿಡಿ. ತಿಂಗಳಿಗೊಮ್ಮೆ ಲೆಕ್ಕದ ಬ್ಯಾಕಪ್ ನಿಮ್ಮ ಪೆನ್‌ಡ್ರೈವ್‌ಗೆ ಬರಬೇಕು, ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ. ಮಾರ್ಚ್ ಕೊನೆಗೆ ಅವನು ಏನೇನು ಮಾಡುತ್ತಾನೆ ಅಂತ ಪಕ್ಕದಲ್ಲಿ ಕೂತು ಒಂದು ಸಲ ಬರೆದುಕೊಳ್ಳಿ. ಇಷ್ಟಾದರೆ ಗುತ್ತಿಗೆ ಧೈರ್ಯವಾಗಿ ಮುಂದುವರಿಸಿ.

ಅವರು ಕೂರಲಿಲ್ಲ. ಜೇಬಿನಿಂದ ಫೋನು ತೆಗೆದುಕೊಂಡು ಬಾಗಿಲ ಕಡೆ ನಡೆದರು. ಹೊರಗಿನಿಂದ ಅವರ ದನಿ ಸಭೆಗೆಲ್ಲ ಕೇಳಿಸುತ್ತಿತ್ತು: "ಲೋ ಮಗ, ನಮ್ ಬಿಲ್ಲಿಂಗ್ ಪಾಸ್‌ವರ್ಡು ಯಾರ್ ತಾವ ಐತ್ಲಾ?"